ಎರಡು ಭಾನುವಾರ, ಒಬ್ಬ ಟೆಡ್ಡಿ

ಕಾರ್ಕ್ ನಗರದ ಪೂರ್ವಕ್ಕೆ ಲೀ ನದಿಯ ಅಡಿಯಲ್ಲಿ ಒಂದು ಸುರಂಗ ಇದೆ. ಕೆಲಸಕ್ಕೆ ಹೋಗುವಾಗ, ಬರುವಾಗ ನಾನು ಅದರಲ್ಲೇ ಕಾರು ಓಡಿಸುತ್ತೇನೆ. ಹೆಸರು ಜ್ಯಾಕ್ ಲಿಂಚ್ ಸುರಂಗ. ಐರ್ಲೆಂಡಿಗೆ ಬಂದ ಹೊಸದರಲ್ಲಿ ಜ್ಯಾಕ್ ಲಿಂಚ್ ಈ ದೇಶದ ಪ್ರಧಾನಿ ಆಗಿದ್ದರು ಅನ್ನೋದು ಮಾತ್ರ ನನಗೆ ಗೊತ್ತಿತ್ತು. ಪ್ರಧಾನಿಯ ಹೆಸರು ಸುರಂಗಕ್ಕೆ ಇಟ್ಟಿದ್ದಾರೆ, ಸರಿ ಅಂದುಕೊಂಡಿದ್ದೆ. ಆಮೇಲೆ ಇಲ್ಲಿನವರ ಜೊತೆ ಮಾತಾಡುತ್ತಾ ಗೊತ್ತಾಯಿತು, ಕಾರ್ಕಿನ ಹಿರಿಯರಿಗೆ ಅವರು ಮೊದಲು ಹರ್ಲಿಂಗ್ ಅನ್ನೋ ಕೋಲು ಚೆಂಡಿನ ಆಟದ ಆಟಗಾರ, ಪ್ರಧಾನಿ ಆಮೇಲೆ. 1941ರಿಂದ 1946ರವರೆಗೆ ಸತತ ಆರು ವರ್ಷ ಆರು ಆಲ್ ಐರ್ಲೆಂಡ್ ಪದಕ, ಅಂದರೆ ಇಡೀ ದೇಶದ ಚಾಂಪಿಯನ್ ಪದಕ, ಗೆದ್ದವರು. ಐದು ಹರ್ಲಿಂಗಿನಲ್ಲಿ, 1945ರ ಒಂದು ಇಲ್ಲಿನ ಗೇಲಿಕ್ ಫುಟ್‌ಬಾಲಿನಲ್ಲಿ.

ಎರಡು ಬೇರೆ ಆಟ. ಒಂದೇ ಮನುಷ್ಯ.

ಆ ಸುರಂಗದ ಉತ್ತರದ ಬಾಯಿಂದ ಹೊರಗೆ ಬಂದರೆ ಹತ್ತಿರದಲ್ಲೇ ಗ್ಲ್ಯಾನ್ಮೈರ್ ಅಂತ ಊರು ಸಿಗುತ್ತದೆ. ನಾನು ಇವತ್ತು ಬರೆಯಲು ಕೂತಿರುವುದು ಆ ಊರಿನ ಒಬ್ಬರ ಬಗ್ಗೆ. ಟೆಡ್ಡಿ ಮೆಕಾರ್ಥಿ. ಹರ್ಲಿಂಗ್ ಮತ್ತು ಗೇಲಿಕ್ ಫುಟ್‌ಬಾಲ್, ಎರಡರಲ್ಲೂ ಒಂದೇ ವರ್ಷ ಮೈದಾನಕ್ಕಿಳಿದು ಸೀನಿಯರ್ ಆಲ್ ಐರ್ಲೆಂಡ್ ಫೈನಲ್ ಗೆದ್ದ ಒಬ್ಬನೇ ಗಂಡಸು. ಅವರಿಗಿಂತ ಮೊದಲು ಯಾರೂ ಅದನ್ನು ಮಾಡಿರಲಿಲ್ಲ. ಅವರ ನಂತರವೂ ಯಾರೂ ಮಾಡಿಲ್ಲ. 2023ರ ಜೂನ್‌ನಲ್ಲಿ ಅವರು ತೀರಿಕೊಂಡರು, ಬರೀ 57 ವರ್ಷಕ್ಕೆ. ಆ ವಾರ ಇಲ್ಲಿ ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ, ಆಫೀಸಿನ ಕಾಫಿ ಮಷೀನಿನ ಮುಂದೆ ಎಲ್ಲಿ ನಿಂತರೂ ಟೆಡ್ಡಿ, ಟೆಡ್ಡಿ ಅಂತಲೇ ಮಾತು. ಮೆಕಾರ್ಥಿ ಅಂತ ಯಾರೂ ಹೇಳುತ್ತಿರಲಿಲ್ಲ. ಮನೆಯವರನ್ನು ಕರೆದ ಹಾಗೆ ಬರೀ ಟೆಡ್ಡಿ.

ಆಗ ನನಗೆ ಇಷ್ಟು ಅರ್ಥ ಆಗಿರಲಿಲ್ಲ. ಮಗಳು ಎರಡೂ ಆಡುವುದನ್ನು ನೋಡುತ್ತಾ ನೋಡುತ್ತಾ ಆಮೇಲೆ ಅರ್ಥ ಆಯಿತು.

ಮಗಳಿಗೆ ಏಳು ವರ್ಷ ಇರುವಾಗ ಶಾಲೆಯಿಂದ ಒಂದು ಕೋಲು ಹಿಡಿದುಕೊಂಡು ಬಂದಳು. ಬೂದು ಬಿಳಿ ಬಣ್ಣದ ಆ್ಯಶ್ ಮರದ ಕೋಲು, ತುದಿಯಲ್ಲಿ ಬಾಗಿ ಅಗಲವಾಗಿ ಸೌಟಿನಂತೆ ಹರಡಿಕೊಂಡಿದೆ. ಕಾರ್ಕಿನಲ್ಲಿ ಎಲ್ಲರೂ ಅದನ್ನು ಹರ್ಲಿ ಅನ್ನುತ್ತಾರೆ. ಐರಿಷ್ ಭಾಷೆಯಲ್ಲಿ ಅದರ ಹೆಸರು ಕಮಾನ್. ಈ ಪದ ಕೇಳಿ ನಾನು ಒಂದು ಕ್ಷಣ ನಿಂತುಬಿಟ್ಟೆ. ಐರಿಷಿನಲ್ಲಿ 'ಕಮ್' ಅಂದರೆ ಬಾಗಿದ್ದು, ಅದರಿಂದ ಕಮಾನ್. ನಮ್ಮಲ್ಲಿ ಕಮಾನು ಅಂದರೂ ಬಾಗಿದ್ದೇ, ನಮಗೆ ಅದು ಪಾರಸಿಯಿಂದ ಬಂದಿದ್ದು. ಎರಡಕ್ಕೂ ಸಂಬಂಧ ಇಲ್ಲ, ಸುಮ್ನೆ ಕಾಕತಾಳೀಯ. ಆದರೂ ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ಕಮಾನು. "ಅಮ್ಮಾ, ನನ್ನ ಕಮಾನು ಎಲ್ಲಿ?" ಅಂತಲೇ ಅವಳು ಕೇಳುವುದು. ಹುಡುಗಿಯರು ಆಡುವ ಹರ್ಲಿಂಗಿಗೆ ಕಮೋಗಿ ಅಂತ ಬೇರೆ ಹೆಸರು. ಆಟ ಹೆಚ್ಚುಕಮ್ಮಿ ಅದೇ.

ಆರು ತಿಂಗಳಾದ ಮೇಲೆ ಅವಳು ಗೇಲಿಕ್ ಫುಟ್‌ಬಾಲಿಗೂ ಸೇರಿದಳು. ಅದೇ ಊರಿನ ಮಕ್ಕಳು, ಅದೇ ಮೈದಾನ, ದಿನ ಮಾತ್ರ ಬೇರೆ. ಅಲ್ಲಿಂದ ನಮ್ಮ ಶನಿವಾರಗಳೆಲ್ಲ ಮೈದಾನದ ಅಂಚಿನಲ್ಲೇ ಕಳೆಯುತ್ತಿವೆ.

ಈ ಎರಡು ಆಟ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಎರಡಕ್ಕೂ ಮೈದಾನ ಒಂದೇ, ಕಡೆಗೆ 15 ಜನ, ಎರಡು ತುದಿಯಲ್ಲೂ ಇಂಗ್ಲಿಷಿನ ಎಚ್ ಅಕ್ಷರದಂಥ ಗೋಲುಗಂಬ. ಅಡ್ಡಪಟ್ಟಿಯ ಮೇಲಿಂದ ಚೆಂಡು ಹೋದರೆ ಒಂದು ಪಾಯಿಂಟ್ (2025ರಿಂದ ಗಂಡಸರ ಫುಟ್‌ಬಾಲಿನಲ್ಲಿ ದೂರದಿಂದ ಹೊಡೆದರೆ ಎರಡು), ಕೆಳಗೆ ಬಲೆಗೆ ಬಿದ್ದರೆ ಗೋಲು, ಅಂದರೆ ಮೂರು ಪಾಯಿಂಟ್. ಹೋಲಿಕೆ ಇಲ್ಲಿಗೆ ಮುಗಿಯಿತು. ಫುಟ್‌ಬಾಲಿನಲ್ಲಿ ದುಂಡಗಿನ ದೊಡ್ಡ ಚೆಂಡು, ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು, ಓಡುವಾಗ ನಾಲ್ಕು ಹೆಜ್ಜೆಗೊಮ್ಮೆ ನೆಲಕ್ಕೆ ಪುಟಿಸಬೇಕು ಇಲ್ಲವೇ ಕಾಲ ಬೆರಳಿಂದ ಮತ್ತೆ ಕೈಗೆ ಚಿಮ್ಮಿಸಿಕೊಳ್ಳಬೇಕು. ಭುಜಕ್ಕೆ ಭುಜ ಕೊಟ್ಟು ತಳ್ಳುವ ಆಟ, ದಮ್ಮು ಬೇಕು, ಮೈಯಲ್ಲಿ ತೂಕ ಬೇಕು. ಹರ್ಲಿಂಗೇ ಬೇರೆ. ಸ್ಲಿಟರ್ ಅಂತ ಟೆನಿಸ್ ಚೆಂಡಿನಷ್ಟು ದೊಡ್ಡ ಚರ್ಮದ ಚೆಂಡು, ಗಟ್ಟಿ. ಅದನ್ನು ನೆಲದಲ್ಲಿ ಹೊಡೆಯುತ್ತಾರೆ, ಗಾಳಿಯಲ್ಲಿ ಹೊಡೆಯುತ್ತಾರೆ, ಕೋಲಿನ ತುದಿಯಲ್ಲಿ ನಿಲ್ಲಿಸಿಕೊಂಡು ಓಡುತ್ತಾರೆ, ಮೇಲಿಂದ ಬರುವಾಗ ಹತ್ತು ಕೋಲುಗಳ ನಡುವೆ ಬರಿಗೈ ಚಾಚಿ ಹಿಡಿಯುತ್ತಾರೆ. ಆ ಕೈ ನೋಡಿದಾಗಲೆಲ್ಲ ನನಗೆ ಎದೆ ಝಲ್ ಅನ್ನುತ್ತದೆ. ಈಗ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಅದು 2010ರಿಂದ ಬಂದ ನಿಯಮ. ಟೆಡ್ಡಿಯ ಕಾಲದಲ್ಲಿ ಇರಲಿಲ್ಲ.

ಮುಖ್ಯವಾದ ಇನ್ನೊಂದು ಮಾತು. ಇದರಲ್ಲಿ ದುಡ್ಡಿಲ್ಲ. 1884ರಲ್ಲಿ ಟಿಪ್ಪರೆರಿ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಥರ್ಲ್ಸ್ ಊರಿನ ಒಂದು ಹೋಟೆಲಿನಲ್ಲಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿತು. ಎಲ್ಲರೂ ಜಿಎಎ ಅನ್ನುತ್ತಾರೆ. ಅವತ್ತಿನಿಂದ ಇವತ್ತಿನವರೆಗೆ ಆಟಗಾರರಿಗೆ ಸಂಬಳ ಇಲ್ಲ. ಡಬ್ಲಿನ್‌ನ ಕ್ರೋಕ್ ಪಾರ್ಕಿನಲ್ಲಿ 82,000 ಜನರ ಮುಂದೆ ಫೈನಲ್ ಆಡಿದವನು ರಜೆ ಮುಗಿದ ಮೇಲೆ ಶಾಲೆಗೆ ಪಾಠ ಮಾಡಲು ಹೋಗುತ್ತಾನೆ, ಬ್ಯಾಂಕಿಗೆ ಹೋಗುತ್ತಾನೆ, ಹಸು ಹಾಲು ಕರೆಯಲು ಹೋಗುತ್ತಾನೆ. ಆಟಗಾರರನ್ನು ಕೊಳ್ಳುವುದು, ಮಾರುವುದು ಕೂಡ ಇಲ್ಲ. ನಿನ್ನ ಊರಿನ ಕ್ಲಬ್ಬಿಗೆ ನೀನು ಆಡುತ್ತೀಯ, ಚೆನ್ನಾಗಿ ಆಡಿದರೆ ನಿನ್ನ ಕೌಂಟಿಗೆ ಆಡುತ್ತೀಯ. ಅಷ್ಟೇ.

ಟೆಡ್ಡಿ ಹುಟ್ಟಿದ್ದು 1965ರಲ್ಲಿ. ಅವರ ಹರ್ಲಿಂಗ್ ಕ್ಲಬ್ ಸಾರ್ಸ್‌ಫೀಲ್ಡ್ಸ್, ಫುಟ್‌ಬಾಲ್ ಕ್ಲಬ್ ಗ್ಲ್ಯಾನ್ಮೈರ್. ಹೆಸರು ಎರಡು, ಊರು ಒಂದೇ. ಇವತ್ತು ಹರ್ಲಿ ಹಿಡಿದವನೇ ನಾಳೆ ಫುಟ್‌ಬಾಲ್ ಬೂಟು ಕಟ್ಟುತ್ತಾನೆ. ಹೊರಗಿನವರಿಗೆ ಇದು ಎರಡು ಕ್ಲಬ್ಬಿನ ನಿಷ್ಠೆ ಅನ್ನಿಸಬಹುದು. ಒಳಗಿನವರಿಗೆ ಅದು ಒಂದೇ ಓಣಿಯ ಎರಡು ಬಾಗಿಲು. ಇದು ಕಾರ್ಕಿನಲ್ಲಿ ಹಳೇ ಪದ್ಧತಿ. ಜ್ಯಾಕ್ ಲಿಂಚ್ ಅವರೂ ಹರ್ಲಿಂಗ್ ಆಡಿದ್ದು ಗ್ಲೆನ್ ರೋವರ್ಸ್‌ಗೆ, ಫುಟ್‌ಬಾಲ್ ಆಡಿದ್ದು ಅದರ ಸೋದರ ಕ್ಲಬ್ ಸೇಂಟ್ ನಿಕೋಲಸ್‌ಗೆ.

ಟೆಡ್ಡಿ ಕಾರ್ಕ್ ಸೀನಿಯರ್ ಹರ್ಲಿಂಗಿಗೆ ಬಂದ ರೀತಿಯೇ ಒಂದು ಕಥೆ. ಅವರ ಮೊದಲ ಸೀನಿಯರ್ ಚಾಂಪಿಯನ್‌ಶಿಪ್ ಪಂದ್ಯ 1986ರ ಆಲ್ ಐರ್ಲೆಂಡ್ ಫೈನಲ್. ಅದಕ್ಕೆ ಮೊದಲು ಒಂದೂ ಇಲ್ಲ. 21 ವರ್ಷದ ಹುಡುಗನನ್ನು ಸೀದಾ ಕ್ರೋಕ್ ಪಾರ್ಕಿಗೆ ಇಳಿಸಿದರು, ಎದುರಿಗೆ ಗಾಲ್ವೇ ಕೌಂಟಿ. ಕಾರ್ಕ್ ಗೆದ್ದಿತು. ಮೊದಲ ಪಂದ್ಯ, ಮೊದಲ ಪದಕ. ಅವರು ಆಡುವುದನ್ನು ನೋಡಿದವರೆಲ್ಲ ಮೊದಲು ಹೇಳುವುದು ಆ ಜಿಗಿತದ ಬಗ್ಗೆ. ಚೆಂಡು ಆಕಾಶದಿಂದ ಇಳಿಯುತ್ತಿರುವಾಗ ನಾಲ್ಕು ಜನ ಜಿಗಿಯುತ್ತಾರೆ, ಮೂವರು ಕೆಳಗೆ ಬರುತ್ತಾರೆ, ಟೆಡ್ಡಿ ಇನ್ನೂ ಮೇಲೇ ಇರುತ್ತಾರೆ ಅಂತ ನಮ್ಮ ಪಕ್ಕದ ಮನೆಯ ಹಿರಿಯರು ಕೈ ಮೇಲೆತ್ತಿ ತೋರಿಸುತ್ತಾರೆ. ಆ ಹಿರಿಯರು 1990ರ ಎರಡೂ ಫೈನಲ್ ನೋಡಲು ಹೋಗಿದ್ದವರು. ಆ ಹಳೇ ವೀಡಿಯೋ ಹುಡುಕಿ ನೋಡಿ, ಹಿರಿಯರು ಉತ್ಪ್ರೇಕ್ಷೆ ಮಾಡುತ್ತಿಲ್ಲ ಅಂತ ಗೊತ್ತಾಗುತ್ತದೆ. ಹರ್ಲಿಂಗಿನಲ್ಲೂ ಅದೇ ಜಿಗಿತ, ಫುಟ್‌ಬಾಲಿನಲ್ಲೂ ಅದೇ ಜಿಗಿತ. ಎರಡು ಆಟಕ್ಕೂ ಅವರು ತಂದದ್ದು ಒಂದೇ ದೇಹದ ಒಂದೇ ವರ.

ಫುಟ್‌ಬಾಲಿನಲ್ಲಿ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಬಿಲ್ಲಿ ಮಾರ್ಗನ್ ತರಬೇತಿಯಲ್ಲಿ ಕಾರ್ಕ್ ಒಳ್ಳೇ ತಂಡ ಕಟ್ಟಿತ್ತು, ಆದರೆ ಎದುರಿಗೆ ಮೀದ್ ಕೌಂಟಿ ಇತ್ತು. 1987ರ ಫೈನಲ್‌ನಲ್ಲಿ ಮೀದ್ ಎದುರು ಸೋಲು. 1988ರಲ್ಲಿ ಮತ್ತೆ ಮೀದ್, ಮೊದಲ ಪಂದ್ಯ ಡ್ರಾ, ಮರುಪಂದ್ಯದಲ್ಲಿ ಒಂದೇ ಒಂದು ಪಾಯಿಂಟಿನಿಂದ ಸೋಲು. 1989ರಲ್ಲಿ ಮೇಯೋ ಎದುರು ಕೊನೆಗೂ ಗೆದ್ದರು. ಅಂದರೆ 1990ಕ್ಕೆ ಬರುವಾಗ ಟೆಡ್ಡಿ ಬಳಿ ಎರಡೂ ಆಟದ ಒಂದೊಂದು ಪದಕ ಇತ್ತು. ಅಲ್ಲಿಗೇ ನಿಲ್ಲಿಸಿದ್ದರೂ ಅವರು ಇತಿಹಾಸದ ಚಿಕ್ಕ ಪಟ್ಟಿಯೊಂದರಲ್ಲಿ ಇರುತ್ತಿದ್ದರು.

ಇನ್ನು 1990. ನನಗೆ ತುಂಬಾ ಇಷ್ಟವಾದ ಭಾಗ ಇದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಸೆಪ್ಟೆಂಬರ್ 2, ಭಾನುವಾರ. ಹರ್ಲಿಂಗ್ ಫೈನಲ್, ಕಾರ್ಕ್ ಮತ್ತು ಗಾಲ್ವೇ. ಕಾರ್ಕ್ ಗೆಲ್ಲುತ್ತದೆ ಅಂತ ಹೇಳುವವರು ಕಡಿಮೆ. ಗಾಲ್ವೇ 1987 ಮತ್ತು 1988ರಲ್ಲಿ ಕಪ್ ಗೆದ್ದ ತಂಡ. ಮೊದಲರ್ಧ ಮುಗಿದಾಗ ಗಾಲ್ವೇ ಐದು ಪಾಯಿಂಟ್ ಮುಂದೆ. ಎರಡನೇ ಅರ್ಧದಲ್ಲಿ ಗಾಲ್ವೇಯ ಒಂದು ಹೊಡೆತ ಗೋಲಿಗೆ ಹೋಗಬೇಕಿತ್ತು, ಕಾರ್ಕಿನ ಗೋಲ್‌ಕೀಪರ್ ಗೆರ್ ಕನಿಂಗ್‌ಹ್ಯಾಮ್ ಅವರ ಮುಖಕ್ಕೆ ಬಡಿದು ಆಚೆ ಹೋಯಿತು. ಹೆಲ್ಮೆಟ್ ಇಲ್ಲದ ಮುಖ. ಹೊಡೆತ ತಿಂದು ಎದ್ದು ನಿಂತರು. ಆಮೇಲೆ ಕಾರ್ಕಿನ ಗೋಲುಗಳ ಸುರಿಮಳೆ. ಜಾನ್ ಫಿಟ್ಜ್‌ಗಿಬ್ಬನ್ ಒಬ್ಬರೇ ಎರಡು ಹೊಡೆದರು. ಕೊನೆಯ ಲೆಕ್ಕ: ಕಾರ್ಕ್ 5-15, ಗಾಲ್ವೇ 2-21. ಇಲ್ಲಿ ಲೆಕ್ಕ ಹೀಗೇ ಬರೆಯುತ್ತಾರೆ, ಮೊದಲು ಗೋಲು, ಆಮೇಲೆ ಪಾಯಿಂಟ್. ಐದು ಗೋಲು ಅಂದರೆ 15, ಅದಕ್ಕೆ 15 ಸೇರಿದರೆ 30. ಗಾಲ್ವೇಗೆ 27. ಗಾಲ್ವೇ 23 ಸಲ ಅಂಕ ಗಳಿಸಿತು, ಕಾರ್ಕ್ 20 ಸಲ. ಆದರೂ ಮೂರು ಪಾಯಿಂಟಿನಿಂದ ಕಾರ್ಕ್ ಗೆದ್ದಿತು. ನಾಯಕ ಟೊಮಾಸ್ ಮಲ್ಕಹಿ ಲಿಯಮ್ ಮೆಕಾರ್ಥಿ ಕಪ್ ಎತ್ತಿದರು.

ಟೆಡ್ಡಿ ಕೊರಳಿಗೆ ಮೂರನೇ ಪದಕ. ಇನ್ನು 14 ದಿನ.

ಆ 14 ದಿನಗಳ ಬಗ್ಗೆಯೇ ನಾನು ಜಾಸ್ತಿ ಯೋಚಿಸುವುದು. ಪಂದ್ಯಗಳ ವೀಡಿಯೋ ಇದೆ, ಅಂಕಪಟ್ಟಿ ಇದೆ. ನಡುವಿನ ದಿನಗಳು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹರ್ಲಿಂಗ್ ಫೈನಲ್ ಆಡಿದ ಮೈಯನ್ನು ಒಮ್ಮೆ ಊಹಿಸಿಕೊಳ್ಳಿ. ಆ್ಯಶ್ ಕೋಲಿನ ಏಟು ಬಿದ್ದ ಬೆರಳು, ನೀಲಿಗಟ್ಟಿದ ತೊಡೆ. ಕಪ್ ಬಂದ ಸಂತೋಷಕ್ಕೆ ಇಡೀ ಕಾರ್ಕ್ ಬೀದಿಯಲ್ಲಿದೆ. ಜೊತೆಗೆ ಆಡಿದವರೆಲ್ಲ ಹಬ್ಬ ಮಾಡುತ್ತಿದ್ದಾರೆ, ಮಾಡಬೇಕಾದದ್ದೇ, ವರ್ಷವಿಡೀ ಬೆವರು ಸುರಿಸಿದ್ದಾರೆ. ಈ ಒಬ್ಬ ಮನುಷ್ಯನಿಗೆ ಮಾತ್ರ ಇನ್ನೂ ವರ್ಷ ಮುಗಿದಿಲ್ಲ. ಹರ್ಲಿ ಮೂಲೆಗಿಟ್ಟು ದೊಡ್ಡ ಚೆಂಡು ಕೈಗೆತ್ತಿಕೊಳ್ಳಬೇಕು. ಕೈಗೆ ಬೇರೆ ಅಳತೆ, ಕಣ್ಣಿಗೆ ಬೇರೆ ದೂರ, ಕಾಲಿಗೆ ಬೇರೆ ಲಯ. ಒಂದು ತಂಡದ ಗೆಲುವಿನ ಗುಂಗಿನಿಂದ ಇನ್ನೊಂದು ತಂಡದ ಆತಂಕಕ್ಕೆ ಇಳಿಯಬೇಕು. ಡೆನಿಸ್ ವಾಲ್ಷ್ ಅಂತ ಇನ್ನೊಬ್ಬರೂ ಆ ವರ್ಷ ಎರಡೂ ತಂಡದ ಬಳಗದಲ್ಲಿ ಇದ್ದರು, ಫುಟ್‌ಬಾಲಿನಲ್ಲಿ ಮೀಸಲು ಆಟಗಾರನಾಗಿ. ಆದರೆ ಎರಡೂ ಫೈನಲ್‌ನಲ್ಲಿ ಮೈದಾನಕ್ಕಿಳಿದದ್ದು ಟೆಡ್ಡಿ ಒಬ್ಬರೇ.

ಸೆಪ್ಟೆಂಬರ್ 16, ಭಾನುವಾರ. ಅದೇ ಕ್ರೋಕ್ ಪಾರ್ಕ್. ಎದುರಿಗೆ ಅದೇ ಮೀದ್. ಮೊದಲರ್ಧದಲ್ಲೇ ಕಾರ್ಕಿನ ಕಾಲ್ಮ್ ಓನೀಲ್ ಅವರನ್ನು ರೆಫರಿ ಹೊರಗೆ ಕಳಿಸಿದರು. ಉಳಿದದ್ದು 14 ಜನ. ಎರಡು ವರ್ಷ ಸೋಲಿಸಿದ ತಂಡದ ಎದುರು ಒಬ್ಬ ಕಡಿಮೆ. ಒಬ್ಬ ಕಡಿಮೆ ಆದರೆ ಉಳಿದವರು ಓಡಬೇಕಾದ ದೂರ ಹೆಚ್ಚಾಗುತ್ತದೆ ಅಲ್ವಾ? ಎರಡು ವಾರದ ಹಿಂದಷ್ಟೇ ಇನ್ನೊಂದು ಫೈನಲ್ ಆಡಿ ಬಂದ ಕಾಲುಗಳು ಆ ದೂರವನ್ನೂ ಓಡಿದವು. ಕಾರ್ಕ್ 0-11, ಮೀದ್ 0-9. ಒಂದೂ ಗೋಲಿಲ್ಲ, ಬರೀ ಪಾಯಿಂಟ್. ಹರ್ಲಿಂಗ್ ಫೈನಲ್ ಮಳೆಯಂತೆ ಸುರಿದಿದ್ದರೆ ಇದು ಬಂಡೆಯಿಂದ ನೀರು ಜಿನುಗಿದ ಹಾಗೆ. ನಾಯಕ ಲ್ಯಾರಿ ಟಾಂಪ್ಕಿನ್ಸ್ ಸ್ಯಾಮ್ ಮಗ್ವೈರ್ ಕಪ್ ಎತ್ತಿದರು.

ಆ ಎರಡು ಕಪ್ಪುಗಳ ಬಗ್ಗೆಯೂ ಒಂದು ಮಾತು. ಸ್ಯಾಮ್ ಮಗ್ವೈರ್ ಕಾರ್ಕಿನ ಡನ್‌ಮಾನ್ವೇ ಕಡೆಯವರು, ಲಂಡನ್ನಿನ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದವರು. ಲಿಯಮ್ ಮೆಕಾರ್ಥಿ ಹುಟ್ಟಿದ್ದೇ ಲಂಡನ್ನಿನಲ್ಲಿ, ಅವರ ತಂದೆ ಕಾರ್ಕಿನವರು. ಊರಿಂದ ದೂರದ ನಗರದಲ್ಲಿ ಬದುಕಿದವರು, ಅಲ್ಲಿ ಕೂತೇ ಊರಿನ ಆಟ ಬೆಳೆಸಿದವರು. ಈ ದೇಶದ ಎರಡು ದೊಡ್ಡ ಕಪ್ಪುಗಳಿಗೂ ಅಂಥವರ ಹೆಸರೇ ಇದೆ. ನಾನೂ ಊರು ಬಿಟ್ಟು ಬಂದವಳು. ಈ ವಿಷಯ ಮೊದಲ ಸಲ ಓದಿದ ರಾತ್ರಿ ಕಣ್ಣು ಒದ್ದೆಯಾಗಿತ್ತು.

ಒಂದೇ ವರ್ಷ ಎರಡೂ ಕಪ್ ಕಾರ್ಕಿಗೆ ಬಂದದ್ದು ಅದಕ್ಕೆ ಮೊದಲು 1890ರಲ್ಲಿ. ಸರಿಯಾಗಿ 100 ವರ್ಷ. ಆದರೆ 1890ರಲ್ಲಿ ಕೌಂಟಿಯ ಪರವಾಗಿ ಆಡಿದ್ದು ಎರಡು ಬೇರೆ ಬೇರೆ ಕ್ಲಬ್ ತಂಡಗಳು. ಒಬ್ಬ ಮನುಷ್ಯ ಎರಡೂ ಕಡೆ ಇದ್ದದ್ದು 1990ರಲ್ಲಿ ಮಾತ್ರ.

ನಮ್ಮ ಕಡೆ ಎರಡು ದೋಣಿಯಲ್ಲಿ ಕಾಲಿಡಬೇಡ ಅಂತ ಹೇಳುತ್ತಾರೆ. ನಾನೂ ಮಗಳಿಗೆ ಹೇಳಿದ್ದೆ. ಒಂದೇ ಆಟ ಹಿಡಿ, ಅದರಲ್ಲೇ ಮುಂದೆ ಬಾ ಅಂತ. ನಾನು ಬೆಳೆದದ್ದೇ ಹಾಗೆ. ಹತ್ತನೇ ಕ್ಲಾಸಿಗೆ ಬಂದ ಮೇಲೆ ಸಂಗೀತ ಬಿಡು, ಆಟ ಬಿಡು, ಓದು. ಟೆಡ್ಡಿಯ ಬದುಕನ್ನು ಓದುತ್ತಾ ಹೋದ ಹಾಗೆ ಆ ಮಾತು ನನ್ನಲ್ಲೇ ಸಡಿಲವಾಯಿತು. ಅವರು ಎರಡು ದೋಣಿಯಲ್ಲಿ ಕಾಲಿಟ್ಟಿರಲಿಲ್ಲ. ದೋಣಿ ಒಂದೇ, ಹುಟ್ಟು ಎರಡು. ಹಾಗಂತ ಅದು ಅವರ ಪ್ರತಿಭೆಯಿಂದ ಮಾತ್ರ ಆದದ್ದಲ್ಲ. ಎರಡು ತಂಡದ ಮ್ಯಾನೇಜರುಗಳು ಒಬ್ಬ ಆಟಗಾರನನ್ನು ಹಂಚಿಕೊಳ್ಳಲು ಒಪ್ಪಬೇಕು. ನಮ್ಮ ಅಭ್ಯಾಸಕ್ಕೆ ಇವತ್ತು ಬರಲಿಲ್ಲ, ಪರವಾಗಿಲ್ಲ, ಆ ಕಡೆ ಅವನು ಬೇಕು ಅಂತ ಬಿಟ್ಟುಕೊಡುವ ಮನಸ್ಸು ಬೇಕು. ಕಾರ್ಕಿನಂಥ ಕೌಂಟಿಯಲ್ಲಿ, ಎರಡೂ ಕಡೆ ಕಪ್ಪಿನ ಹಸಿವು ಇರುವಾಗ, ಅದು ಸಣ್ಣ ಮಾತಲ್ಲ. ಟೆಡ್ಡಿ ಬಗ್ಗೆ ಬರೆಯುವವರೆಲ್ಲ ಜಿಗಿತದ ಬಗ್ಗೆ ಬರೆಯುತ್ತಾರೆ. ಈ ಹಂಚಿಕೊಳ್ಳುವಿಕೆಯ ಬಗ್ಗೆ ಯಾರೂ ಸಾಕಷ್ಟು ಬರೆದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಟೆಡ್ಡಿಗೆ ಮುಂಚೆಯೂ ದೊಡ್ಡವರಿದ್ದರು. ಜಿಮ್ಮಿ ಬ್ಯಾರಿ ಮರ್ಫಿ 1973ರಲ್ಲಿ, ಇನ್ನೂ 19 ವರ್ಷಕ್ಕೆ, ಫುಟ್‌ಬಾಲ್ ಫೈನಲ್‌ನಲ್ಲಿ ಎರಡು ಗೋಲು ಹೊಡೆದು ಗೆಲ್ಲಿಸಿದವರು. ಆಮೇಲೆ ಹರ್ಲಿಂಗಿನಲ್ಲಿ ಐದು ಪದಕ. 1980ರ ನಂತರ ಫುಟ್‌ಬಾಲ್ ಬಿಟ್ಟು ಹರ್ಲಿಂಗ್ ಮಾತ್ರ ಇಟ್ಟುಕೊಂಡರು. ಆಫಲಿ ಎಂಬ ಸಣ್ಣ ಕೌಂಟಿಯ ಲಿಯಮ್ ಕರಮ್ಸ್ 1981ರಲ್ಲಿ ಹರ್ಲಿಂಗ್, 1982ರಲ್ಲಿ ಫುಟ್‌ಬಾಲ್ ಗೆದ್ದರು.

ಟೆಡ್ಡಿಯ ನಂತರ ಆ ಬಾಗಿಲಿನ ತೀರಾ ಹತ್ತಿರಕ್ಕೆ ಬಂದವರು ಶಾನ್ ಓಗ್ ಓ ಹಾಲ್ಪೀನ್. ಈ ಹೆಸರು ನೆನಪಿಟ್ಟುಕೊಳ್ಳಿ. ತಂದೆ ಫರ್ಮನಾ ಕೌಂಟಿಯವರು, ತಾಯಿ ಫಿಜಿ ದೇಶದ ರೊಟೂಮಾ ದ್ವೀಪದವರು. ಮನೆಯವರು ಸಿಡ್ನಿಯಲ್ಲಿದ್ದು, 1988ರಲ್ಲಿ ಕಾರ್ಕಿಗೆ ಬಂದರು. ಹರ್ಲಿ ಹಿಡಿದದ್ದು ಆಮೇಲೆ. ಬೇರೆ ಬಣ್ಣ, ಬೇರೆ ಮಾತಿನ ಧಾಟಿ, ಹನ್ನೊಂದು ವರ್ಷದ ಹುಡುಗ. 1999ರ ಸೆಪ್ಟೆಂಬರಿನಲ್ಲಿ ಅವರು ಕಾರ್ಕಿನ ಎರಡೂ ಫೈನಲ್‌ನಲ್ಲಿ ಆಡಿದರು. ಹರ್ಲಿಂಗಿನಲ್ಲಿ ಕಿಲ್ಕೆನ್ನಿ ಎದುರು 0-13ಕ್ಕೆ 0-12, ಒಂದು ಪಾಯಿಂಟಿನ ಗೆಲುವು. ಎರಡು ವಾರ ಬಿಟ್ಟು ಫುಟ್‌ಬಾಲಿನಲ್ಲಿ ಮೀದ್ ಎದುರು ಮೂರು ಪಾಯಿಂಟಿನ ಸೋಲು. ಟೆಡ್ಡಿಯ ಸಾಧನೆಗೂ ಶಾನ್ ಓಗ್ ಅವರಿಗೂ ನಡುವೆ ಇದ್ದದ್ದು ಒಂದು ಗೋಲಿನಷ್ಟು ಅಂತರ. 2005ರಲ್ಲಿ ಕಾರ್ಕ್ ಹರ್ಲಿಂಗ್ ನಾಯಕನಾಗಿ ಕಪ್ ಎತ್ತಿ ಅವರು ಭಾಷಣ ಮಾಡಿದ್ದು ಐರಿಷ್ ಭಾಷೆಯಲ್ಲಿ. ನಮ್ಮಂಥ ವಲಸೆಯವರ ಮಕ್ಕಳು ಮೈದಾನಕ್ಕೆ ಹೋಗುವಾಗ ಅವರ ಹೆಸರು ಗೊತ್ತಿರಬೇಕು. ನನ್ನ ಮಗಳಿಗೆ ನಾನು ಮೊದಲು ತೋರಿಸಿದ ವೀಡಿಯೋ ಆ ಭಾಷಣದ್ದೇ.

ಈಗ ಗಂಡಸರ ಸೀನಿಯರ್ ಮಟ್ಟದಲ್ಲಿ ಎರಡೂ ಆಡುವುದು ಹೆಚ್ಚುಕಮ್ಮಿ ನಿಂತೇ ಹೋಗಿದೆ. ಟೆಡ್ಡಿಯ ಕಾಲದಲ್ಲಿ ಚಾಂಪಿಯನ್‌ಶಿಪ್ ಅಂದರೆ ಸೋತರೆ ಮನೆಗೆ. ಒಂದು ಬೇಸಿಗೆಯಲ್ಲಿ ಒಂದು ಆಟಕ್ಕೆ ಮೂರೋ ನಾಲ್ಕೋ ಪಂದ್ಯ. 2018ರಿಂದ ಹರ್ಲಿಂಗಿನ ಪ್ರಾಂತ್ಯ ಮಟ್ಟದಲ್ಲೇ ಗುಂಪಿನ ಎಲ್ಲರೂ ಎಲ್ಲರ ಜೊತೆ ಆಡಬೇಕು. 2022ರಿಂದ ಫೈನಲ್‌ಗಳು ಸೆಪ್ಟೆಂಬರಿನಲ್ಲಿಲ್ಲ, ಜುಲೈನಲ್ಲಿ ಮುಗಿಯುತ್ತವೆ, ಕ್ಲಬ್ ಪಂದ್ಯಗಳಿಗೆ ಉಳಿದ ತಿಂಗಳು ಬಿಡಬೇಕು ಅಂತ. ಅದು ಕ್ಲಬ್ಬಿಗೆ ಒಳ್ಳೆಯದೇ. ಆದರೆ ಏಪ್ರಿಲಿನಿಂದ ಜುಲೈವರೆಗೆ ಎರಡೂ ಆಟದ ಪಂದ್ಯಗಳು ಮೈಮೇಲೆ ಬೀಳುವ ಹಾಗೆ ಬರುತ್ತವೆ. ಅದರ ಮೇಲೆ ಜಿಮ್, ಊಟದ ಲೆಕ್ಕ, ನಿದ್ದೆಯ ಲೆಕ್ಕ, ವಾರಕ್ಕೆ ನಾಲ್ಕೈದು ದಿನ ತರಬೇತಿ. ಸಂಬಳ ಇಲ್ಲದೆ. 2014ರಲ್ಲಿ ಕಾರ್ಕಿನಲ್ಲಿ ಏಡನ್ ವಾಲ್ಷ್, ಕ್ಲೇರ್ ಕೌಂಟಿಯಲ್ಲಿ ಪಾಜ್ ಕಾಲಿನ್ಸ್ ಎರಡೂ ಆಡಿದರು. ಇಬ್ಬರಿಗೂ ಅದನ್ನು ಮುಂದುವರಿಸಲು ಆಗಲಿಲ್ಲ. ನನಗೆ ಅವರ ಮೇಲೆ ಬೇಸರ ಇಲ್ಲ, ಗೌರವ ಇದೆ. ಈ ವೇಳಾಪಟ್ಟಿಯ ಮೇಲೆ ಬೇಸರ ಇದೆ.

ಆದರೆ ಹೆಂಗಸರ ಕಡೆ ಕಥೆ ಬೇರೆ, ಅದನ್ನು ಹೇಳದೆ ಟೆಡ್ಡಿ ಬಗ್ಗೆ ಬರೆದರೆ ಅರ್ಧ ಬರೆದ ಹಾಗೆ.

ರೀನಾ ಬಕ್ಲಿ. ಕಾರ್ಕಿನವರೇ. ಕಮೋಗಿ ಆಡಿದ್ದು ಇನಿಸ್ಕಾರಾ ಕ್ಲಬ್ಬಿಗೆ, ಫುಟ್‌ಬಾಲ್ ಆಡಿದ್ದು ಡೊನೊಮೋರ್ ಕ್ಲಬ್ಬಿಗೆ. ವೃತ್ತಿಯಿಂದ ಫಿಸಿಯೋಥೆರಪಿಸ್ಟ್. 2005ರಿಂದ 2017ರವರೆಗೆ ಅವರು ಗೆದ್ದ ಸೀನಿಯರ್ ಆಲ್ ಐರ್ಲೆಂಡ್ ಪದಕ 18. ಹನ್ನೊಂದು ಫುಟ್‌ಬಾಲಿನಲ್ಲಿ, ಏಳು ಕಮೋಗಿಯಲ್ಲಿ. ಟೆಡ್ಡಿ ಒಂದು ಸಲ ಮಾಡಿದ್ದನ್ನು, ಅಂದರೆ ಒಂದೇ ವರ್ಷ ಎರಡೂ ಗೆದ್ದದ್ದನ್ನು, ಇವರು ಮತ್ತೆ ಮತ್ತೆ ಮಾಡಿದ್ದಾರೆ. 2005, 2006, 2008, 2009, 2014, 2015. 2012ರಲ್ಲಿ ಫುಟ್‌ಬಾಲ್ ತಂಡದ ನಾಯಕಿಯಾಗಿ ಗೆದ್ದರು, 2017ರಲ್ಲಿ ಕಮೋಗಿ ತಂಡದ ನಾಯಕಿಯಾಗಿ ಗೆದ್ದರು. ಎರಡೂ ಆಟದಲ್ಲಿ ನಾಯಕಿಯಾಗಿ ಕಪ್ ಎತ್ತಿದ ಮೊದಲಿಗರು ಅವರೇ. ಬ್ರೀಜ್ ಕಾರ್ಕರಿ ಅಂತ ಇನ್ನೊಬ್ಬರು, ಅದೇ ತಂಡಗಳಲ್ಲಿ ಇವರ ಜೊತೆ ಎರಡೂ ಆಡಿದವರು.

2014ರ ಫುಟ್‌ಬಾಲ್ ಫೈನಲ್ ನಾನು ಆಮೇಲೆ ನೋಡಿದ್ದು, ಎಷ್ಟು ಸಲ ನೋಡಿದ್ದೇನೋ. ಡಬ್ಲಿನ್ ಹತ್ತು ಪಾಯಿಂಟ್ ಮುಂದೆ. ಉಳಿದದ್ದು ಸುಮಾರು ಕಾಲು ಗಂಟೆ. ಅಲ್ಲಿಂದ ಕಾರ್ಕ್ ಗೆದ್ದಿತು, ಒಂದು ಪಾಯಿಂಟಿನಿಂದ. ಆ ಕಾಲು ಗಂಟೆಯಲ್ಲಿ ಒಬ್ಬರ ಮುಖದಲ್ಲೂ ಗಾಬರಿ ಕಾಣುವುದಿಲ್ಲ. ಎಯ್ಮನ್ ರಯನ್ ಅಂತ ಅವರ ಕೋಚ್. ಹತ್ತು ವರ್ಷ ಕಟ್ಟಿದ ತಂಡ ಅದು. ರೀನಾ, ಬ್ರೀಜ್ ಇಬ್ಬರೂ ಅದಕ್ಕೆ ಎರಡು ವಾರ ಮುಂಚೆ ಕಮೋಗಿ ಫೈನಲ್ ಗೆದ್ದು ಬಂದಿದ್ದರು. ಅದೇ 14 ದಿನ, ಟೆಡ್ಡಿಯ 14 ದಿನ.

ಇಷ್ಟಾದರೂ ಹೆಂಗಸರಿಗೆ ಕಷ್ಟ ಜಾಸ್ತಿ. ಗಂಡಸರ ಹರ್ಲಿಂಗ್, ಫುಟ್‌ಬಾಲ್ ಎರಡನ್ನೂ ನಡೆಸುವುದು ಒಂದೇ ಸಂಸ್ಥೆ, ಜಿಎಎ. ಹೆಂಗಸರಿಗೆ ಕಮೋಗಿಗೆ 1904ರಲ್ಲಿ ಹುಟ್ಟಿದ ಸಂಸ್ಥೆ ಬೇರೆ, ಫುಟ್‌ಬಾಲಿಗೆ 1974ರಲ್ಲಿ ಹುಟ್ಟಿದ ಸಂಸ್ಥೆ ಬೇರೆ. ಎರಡು ಆಫೀಸು, ಎರಡು ವೇಳಾಪಟ್ಟಿ. ಒಂದೇ ದಿನ ಎರಡು ಕಡೆ ಪಂದ್ಯ ಬಿದ್ದರೆ ನಡುವೆ ಸಿಕ್ಕಿಕೊಳ್ಳುವುದು ಆಟಗಾರ್ತಿ. ಒಂದೇ ದಿನ ಎರಡು ಕೌಂಟಿ ಪಂದ್ಯ ಆಡಿದವರಿದ್ದಾರೆ. ಮೂರೂ ಸಂಸ್ಥೆಗಳನ್ನು 2027ರ ಹೊತ್ತಿಗೆ ಒಂದು ಮಾಡುವ ಗುರಿ ಹಾಕಿಕೊಂಡಿದ್ದಾರೆ, ಹಿಂದೆ ರಾಷ್ಟ್ರಪತಿ ಆಗಿದ್ದ ಮೇರಿ ಮ್ಯಾಕಲೀಸ್ ಅವರ ನೇತೃತ್ವದಲ್ಲಿ ಆ ಕೆಲಸ ನಡೆದಿದೆ. ನಾನು ಅದನ್ನು ಆಸೆಯಿಂದ ಕಾಯುತ್ತಿದ್ದೇನೆ.

ಯಾಕೆ ಇಷ್ಟು ಆಸೆ ಅಂದರೆ, ಹೋದ ವರ್ಷದ ಒಂದು ಶುಕ್ರವಾರ ರಾತ್ರಿ. ಮಗಳಿಗೆ ಆಗ 13. ಫೋನಿನಲ್ಲಿ ಎರಡು ವಾಟ್ಸಾಪ್ ಗುಂಪಿನಿಂದ ಎರಡು ಸಂದೇಶ ಬಂತು. ಕಮೋಗಿ ಪಂದ್ಯ ಶನಿವಾರ ಬೆಳಿಗ್ಗೆ 11ಕ್ಕೆ. ಫುಟ್‌ಬಾಲ್ ಪಂದ್ಯ ಶನಿವಾರ ಬೆಳಿಗ್ಗೆ 11ಕ್ಕೆ, ಬೇರೆ ಊರಲ್ಲಿ. ಇಬ್ಬರು ಕೋಚ್‌ಗಳೂ ಒಳ್ಳೆಯವರು, ಸಂಜೆ ತಮ್ಮ ಕೆಲಸ ಮುಗಿಸಿ ಬಂದು ಬಿಟ್ಟಿಯಾಗಿ ಮಕ್ಕಳಿಗೆ ಕಲಿಸುವವರು. ದಿನ ನಿಗದಿ ಮಾಡಿದ್ದು ಅವರಲ್ಲ. "ನಿನಗೆ ಯಾವುದು ಇಷ್ಟವೋ ಅದಕ್ಕೆ ಬಾ" ಅಂತ ಇಬ್ಬರೂ ಬರೆದಿದ್ದರು. ಅವಳು ಕಮಾನನ್ನು ತೊಡೆಯ ಮೇಲೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ತುಂಬಾ ಹೊತ್ತಾದ ಮೇಲೆ ಕೇಳಿದಳು, "ಅಮ್ಮಾ, ನಾನು ಯಾರಿಗೆ ಬರಲ್ಲ ಅಂತ ಹೇಳಲಿ?"

ಅವಳು ಕೇಳಿದ್ದು ಎಲ್ಲಿಗೆ ಹೋಗಲಿ ಅಂತಲ್ಲ. ಯಾರಿಗೆ ಬರಲ್ಲ ಅಂತ ಹೇಳಲಿ ಅಂತ.

ನನ್ನ ಬಳಿ ಉತ್ತರ ಇರಲಿಲ್ಲ. ದೊಡ್ಡವರು ಕೂತು ಒಂದು ಫೋನ್ ಮಾಡಿದರೆ ಬಗೆಹರಿಯುವ ವಿಷಯವನ್ನು ನಾವು ಮಕ್ಕಳ ತಲೆ ಮೇಲೆ ಹಾಕಿ ಅದಕ್ಕೆ ಆಯ್ಕೆ ಅಂತ ಹೆಸರಿಡುತ್ತೇವೆ. ಅವಳು ಕಮೋಗಿಗೆ ಹೋದಳು. ಗೆದ್ದು ಬಂದಳು. ಫುಟ್‌ಬಾಲ್ ತಂಡ ಸೋತಿತ್ತು. ಆ ತಂಡದ ಗೋಲ್‌ಕೀಪರ್ ಅವಳ ಜೀವದ ಗೆಳತಿ. ಸಂಜೆ ಇಬ್ಬರೂ ನಮ್ಮ ಮನೆಯ ಹಿಂದಿನ ಗೋಡೆಗೆ ಚೆಂಡು ಹೊಡೆಯುತ್ತಾ ಇದ್ದರು, ಮಾತಿಲ್ಲದೆ, ಒಂದು ಗಂಟೆಯಷ್ಟು. ಕತ್ತಲಾದ ಮೇಲೆ ಮಾತು ಶುರುವಾಯಿತು. ನಾನು ಒಳಗೆ ಬಂದೆ.

ಪಕ್ಕದ ಮನೆಯ ಹಿರಿಯರಿಗೆ ಇದನ್ನು ಹೇಳಿದೆ. ಅವರು ಬೇಲಿಯ ಆ ಕಡೆ ನಿಂತು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವಳನ್ನು ಕರೆದು 1990ರ ಎರಡು ಟಿಕೆಟ್ ಚೂರು ತೋರಿಸಿದರು, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದು. ಸೆಪ್ಟೆಂಬರ್ 2ರದ್ದು ಒಂದು, 16ರದ್ದು ಒಂದು. "ನೋಡು, ಎರಡಕ್ಕೂ ಹೋಗಿದ್ದೆ" ಅಂದರು. ಅವಳು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಹರಿದುಬಿಟ್ಟರೆ ಅಂತ ಹೆದರಿಕೆ. ಬಗ್ಗಿ ಓದಿದಳು.

ಈ ಶನಿವಾರ ಮತ್ತೆ ಎರಡು ಪಂದ್ಯ. ಸದ್ಯ ಒಂದೇ ಹೊತ್ತಿಗಲ್ಲ. ಕಮೋಗಿ 10ಕ್ಕೆ, ಫುಟ್‌ಬಾಲ್ 12:30ಕ್ಕೆ, ನಡುವೆ ಸುರಂಗ ದಾಟಿ ಹೋಗಬೇಕು. ಚಿತ್ರಾನ್ನ ಡಬ್ಬಿಗೆ ಹಾಕಿ ಇಟ್ಟಿದ್ದೆ. ಮೊದಲ ಪಂದ್ಯ ಮುಗಿಸಿ ಕೆಸರು ಕಾಲಲ್ಲೇ ಕಾರು ಹತ್ತಿದಳು, ಹಿಂದಿನ ಸೀಟಿನಲ್ಲಿ ಜರ್ಸಿ ಬದಲಾಯಿಸಿದಳು, ಜ್ಯಾಕ್ ಲಿಂಚ್ ಸುರಂಗದ ಹಳದಿ ದೀಪಗಳ ಕೆಳಗೆ ಚಿತ್ರಾನ್ನ ತಿಂದಳು. ಮೈದಾನದ ಗೇಟಿನಲ್ಲಿ ಇಳಿದು ಲೇಸು ಬಿಗಿ ಮಾಡಿಕೊಂಡಳು. ಕಮಾನು ಇನ್ನೂ ಅವಳ ಕೈಯಲ್ಲೇ ಇತ್ತು, ಮರೆತು ಹಿಡಿದುಕೊಂಡೇ ಇಳಿದಿದ್ದಳು. "ಅಮ್ಮಾ, ಇದನ್ನ ಹಿಡ್ಕೊ" ಅಂತ ನನ್ನ ಕೈಗೆ ಕೊಟ್ಟು ಓಡಿದಳು. ಹಿಡಿಗೆ ಸುತ್ತಿದ ಪಟ್ಟಿ ಇನ್ನೂ ಬೆಚ್ಚಗಿತ್ತು.